ಇದ್ದಿಲು ತೊಳೆದ ನೀರು

ಶಿಡ್ಲಘಟ್ಟದಲ್ಲಿ ಗೂಡು ಬೇಯುವ ಬೀದಿಗೆ
ಮೂಗು ಮುಚ್ಚಿಕೊಳ್ಳದೆ ಬರುವವರು ಎರಡೇ ಬಗೆ:
ಅಲ್ಲೇ ಹುಟ್ಟಿದವರು, ನೆಗಡಿ ಹಿಡಿದವರು.
ನಾನು ಎರಡೂ ಅಲ್ಲ. ಚರಂಡಿಯ ಈಚೆ ದಡಕ್ಕೆ
ನನ್ನದೊಂದು ಹೊಲಿಗೆ ಮಿಷನ್ನು, ಮೇಲೊಂದು ತಗಡು.

ಆಚೆ ದಡಕ್ಕೆ ದಸ್ತಗೀರ್ ಸಾಬರ ಆರು ಬೇಸಿನ್ನು.
ಐದಕ್ಕೆ ಒಲೆ ಹತ್ತಿದರೆ ಏಳಕ್ಕೆ ಮೊದಲ ನೀರು:
ಟೀ ಬಣ್ಣ, ಅಂಟಂಟು, ಮೇಲೆ ನೊರೆ,
ಸತ್ತ ಹುಳದ ಎಣ್ಣೆ ಬಿಸಿಲಿಗೆ ಹೊಳೆಯುತ್ತ
ನನ್ನ ಅಂಗಡಿಯ ಮುಂದೆಯೇ
ಏನೋ ಮರೆತವರಂತೆ ನಿಲ್ಲುವುದು.
ರವಿಕೆ ಹೊಲಿಸಲು ಬಂದ ಹೆಂಗಸರು
ಅಳತೆಯನ್ನು ಬೆರಳಲ್ಲೇ ತೋರಿಸಿ ಓಡುವರು, ಬಾಯಿ ತೆರೆಯದೆ.
ಅದಕ್ಕೇ ಎಷ್ಟೋ ರವಿಕೆ ಬಿಗಿ.

ನಗರಸಭೆಗೆ ಮೂರು ದೂರು ಕೊಟ್ಟೆ.
ಮೂರಕ್ಕೂ ಮುದ್ರೆ ಒತ್ತಿ ಕೊಟ್ಟರು, ಚಂದದ ಮುದ್ರೆ.
ನಾಲ್ಕನೆಯದು ಶುರು ಮಾಡಿದ್ದೆ, ಆಗ ಬಂದಳು
ಸಾಬರ ಕೊನೆ ಮಗಳು ರುಖಿಯಾ,
ಆವುಲಪ್ಪನ ತೋಟದಿಂದ ನೇರ, ಹಣೆಗೆಲ್ಲ ಮಸಿ.
"ಅಣ್ಣಾ, ಆ ಪೆನ್ನು ಕೊಡಿ ಒಂದು ನಿಮಿಷ."

ಲೋಟದ ನೀರಿಗೆ ನನ್ನ ಶಾಯಿ ನಾಲ್ಕು ತೊಟ್ಟು ಕೊಡವಿದಳು.
ನೀಲಿ.
ತಳ ತೂತಾದ ಬಾಟಲಿಗೆ ಕರಿ ಚೂರು ತುಂಬಿ
ಮೇಲಿಂದ ಸುರಿದಳು, ನಿಧಾನ.
ಇಳಿದದ್ದು ನೀರು, ಬರೀ ನೀರು.
ನನ್ನ ದೂರಿನ ಶಾಯಿ ಎಲ್ಲಿ ಹೋಯಿತು?

ಹಿಪ್ಪುನೇರಳೆ ಕಡ್ಡಿ, ಅಂದಳು.
ಎಲೆ ಹುಳಕ್ಕಾದ ಮೇಲೆ ಬದುವಿನಲ್ಲಿ ಒಣಗುವ ಕಡ್ಡಿ.
ಡ್ರಮ್ಮಿಗೆ ತುಂಬಿ, ಬಾಯಿಗೆ ಕೆಮ್ಮಣ್ಣು ಮೆತ್ತಿ
ಉಸಿರು ಕಟ್ಟಿಸಿ ಸುಟ್ಟದ್ದು.
ಉರಿದರೆ ಬೂದಿ; ಉರಿಯಗೊಡದೆ ಬೇಯಿಸಿದರೆ ಇದು.
ಆವುಲಪ್ಪ ಬೊಗ್ಗು ಅನ್ನುತ್ತಾನೆ, ಅಬ್ಬಾ ಕೋಯ್ಲಾ ಅನ್ನುತ್ತಾರೆ,
ಚಿಂತಾಮಣಿ ಕಾಲೇಜಲ್ಲಿ ಬಯೋಚಾರ್.
ನಾನು ಇದ್ದಿಲು ಅಂದೆ. ಅಂದ ಮೇಲೆ ಹೊಳೆಯಿತು:
ಇದ್ದೂ ಇಲ್ಲದ್ದು. ಕಡ್ಡಿಯ ಆಕಾರ ಇದ್ದು ಕಡ್ಡಿ ಇಲ್ಲದ್ದು,
ಮೈಯೆಲ್ಲ ಖಾಲಿ ಕೋಣೆ.

"ಹೀರುತ್ತೆ" ಎಂದೆ. ತಿದ್ದಿದಳು:
"ಹೀರೋದಲ್ಲ ಅಣ್ಣ, ಹಿಡಿದುಕೊಳ್ಳೋದು. ಸ್ಪಂಜು ಬೇರೆ.
ಇದು ಕೊಳೆಯನ್ನ ಗೋಡೆಗೆ ಅಂಟಿಸಿಕೊಂಡು
ನೀರಿಗೆ ನೀನು ಹೋಗು ಅನ್ನುತ್ತೆ.
ಅದಕ್ಕೆ ಚೀಲ ಬೇಕು. ಗಟ್ಟಿ ಬಟ್ಟೆ, ಎರಡು ಹೊಲಿಗೆ."
ಯಾರ ಮೇಲೆ ದೂರೋ ಅವರಿಗೇ ಚೀಲ!
ಅಳತೆ ಕೇಳಿದೆ. ಬಾಯಿ ತೆರೆದು ಹೇಳಿದಳು.

ಮೊದಲ ದಿನ ಇಳಿದ ನೀರು ಕಾಡಿಗೆ.
ಬೇಸಿನ್ನಿನ ನಾರೆಮ್ಮ, ಬೆಂದು ಬಿಳುಚಿದ ಬೆರಳು ಸೊಂಟಕ್ಕಿಟ್ಟು ನಕ್ಕಳು:
"ಇದ್ದಿಲು ತೊಳೆದರೆ ಬೆಳ್ಳಗಾಗುತ್ತೇನವ್ವ?"
ಗಾದೆ ಸುಳ್ಳಲ್ಲ. ತೊಳೆಯದೆ ತುಂಬಿದ್ದೆವು, ಪುಡಿ ಕದಡಿತ್ತು.
ಏಳು ಸಲ ತೊಳೆದೆವು. ಕಪ್ಪಾಗಿಯೇ ಇತ್ತು.
ಆದರೆ ಇದ್ದಿಲೇ ತೊಳೆಯಲು ಕೂತರೆ ಏನಾದೀತೆಂದು
ಗಾದೆ ಕಟ್ಟಿದವರು ಕೇಳಿರಲಿಲ್ಲ.

ಟೀ ಹೋಗಿ ನಿಂಬೆ ಶರಬತ್ತಿನ ಬಣ್ಣ. ಅಷ್ಟೇ.
ಕುಡಿಯುವ ನೀರೇನಲ್ಲ.
ನಾತವೂ ಪೂರ್ತಿ ಹೋಗಿಲ್ಲ, ಕೂತು ಮಾತಾಡುವಷ್ಟಾಗಿದೆ.

ಹನ್ನೊಂದನೇ ದಿನಕ್ಕೆ ಚೀಲ ಸೋತಿತು.
ಕೋಣೆಗಳೆಲ್ಲ ಭರ್ತಿ, ಮತ್ತೆ ಟೀ.
ಕೊಳೆ ಎಲ್ಲೂ ಹೋಗಿರಲಿಲ್ಲ,
ನನ್ನ ಎರಡು ಹೊಲಿಗೆಯ ಒಳಗೇ ಇತ್ತು.
"ಇದನ್ನೇನು ಮಾಡ್ತೀಯಮ್ಮ?"
"ಇನ್ನೂ ಗೊತ್ತಿಲ್ಲ ಅಣ್ಣ. ಮತ್ತೆ ಡ್ರಮ್ಮಿಗೆ ಹಾಕಿ ನೋಡ್ಬೇಕು."
ಗೊತ್ತಿಲ್ಲ ಎಂದದ್ದಕ್ಕೇ ನಂಬಿದೆ.

ಈಗ ಹನ್ನೊಂದು ದಿನಕ್ಕೊಮ್ಮೆ ಚೀಲದ ಬಾಯಿ ಬಿಚ್ಚುತ್ತೇನೆ.
ತೊಡೆಯ ಮೇಲೆ ಒದ್ದೆ ಕಪ್ಪು, ಭಾರ.
ಎಲೆ ತಿಂದದ್ದು ಹುಳ, ಹುಳ ಬೆಂದದ್ದು ನೀರಲ್ಲಿ,
ಆ ನೀರಿನ ಪಾಪ ಹೊರುವುದು ಎಲೆ ಕಳೆದುಕೊಂಡ ಕಡ್ಡಿ.
ಯಾವ ನ್ಯಾಯವೋ, ನನಗೆ ಇಳಿಯದು.

ನಾಲ್ಕನೇ ದೂರು ಮಿಷನ್ನಿನ ಡ್ರಾಯರಿನಲ್ಲಿದೆ,
"ಮಾನ್ಯರೇ" ಎಂಬಲ್ಲಿಗೆ ನಿಂತು.
ಹಿಂಬದಿಯಲ್ಲಿ ಮುಂದಿನ ಚೀಲದ ಅಳತೆ.